ಬೆಂಚಿನಡಿಯ ಬ್ಯಾಟರಿ

ಯಾರ ವಾಹನ ಹತ್ತಿದರೂ ನಾನು ಮೊದಲು ಬಗ್ಗಿ ಸೀಟಿನ ಕೆಳಗೆ ನೋಡುತ್ತೇನೆ. ಬ್ಯಾಟರಿ ಎಲ್ಲಿದೆ, ಒಂದಿದೆಯೋ ಎರಡಿದೆಯೋ ಎಂದು ತಿಳಿಯುವವರೆಗೆ ನನಗೆ ಕೂರಲು ಸಮಾಧಾನವಿಲ್ಲ. ಮನೆಯಲ್ಲಿ ಇದಕ್ಕೆ ನಗುತ್ತಾರೆ. ನಗಲಿ. ಇದೊಂದು ವಿಷಯದಲ್ಲಿ ನಾನು ಯಾರಿಗೂ ಸೋಲುವವನಲ್ಲ.

ಹೋದ ತಿಂಗಳು ತಂಗಿಯ ಮಗಳು ಸುಮ ಮತ್ತು ಅವಳ ಗಂಡ ಒಂದು ವ್ಯಾನು ತಂದಿದ್ದರು. ಒಳಗೆ ಮಂಚ, ಒಲೆ, ಪುಟ್ಟ ಫ್ರಿಜ್ಜು, ಮಡಿಸಿ ಇಡುವ ಮೇಜು, ಮೇಜಿನ ಮೇಲೆ ಲ್ಯಾಪ್‌ಟಾಪು. ಊರೂರು ಸುತ್ತುತ್ತ, ಅದರಲ್ಲೇ ಮಲಗುತ್ತ, ಅದರಲ್ಲೇ ಕೂತು ಕೆಲಸವನ್ನೂ ಮಾಡುತ್ತಾರಂತೆ.

"ಲ್ಯಾಪ್‌ಟಾಪಿಗೂ ಫ್ರಿಜ್ಜಿಗೂ ಒಂದೇ ಬ್ಯಾಟರಿಯೋ?" ಎಂದು ಕೇಳಿದೆ.

"ಶುರುವಾಯ್ತು ಮಾವಂದು," ಎಂದಳು ಸುಮ.

ಅವಳ ಗಂಡ ಒಳ್ಳೆಯವನು. ಮೊಬೈಲು ತೆಗೆದು, ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ, ಯಾವುದು ಎಷ್ಟು ಎಳೆಯುತ್ತಿದೆ ಎಂದೆಲ್ಲ ತೋರಿಸಿದ. "ಇದು ಸುಳ್ಳು ಹೇಳಲ್ಲ," ಎಂದ.

"ಅಳತೆಯ ಮುಳ್ಳು ಯಾವತ್ತೂ ಸುಳ್ಳು ಹೇಳಿಲ್ಲಪ್ಪ. ಸುಳ್ಳು ಹೇಳಿದವನು ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದವನು," ಎಂದೆ.

ಇಬ್ಬರೂ ನನ್ನ ಮುಖ ನೋಡಿದರು. ಬರೆದುಕೊಳ್ಳುತ್ತಿದ್ದವನು ನಾನೇ.

ಎಂಬತ್ತರ ದಶಕದ ನಡುವಿನ ಮಾತು. ಒಂದು ಧರ್ಮಸಂಸ್ಥೆಯವರ ಮೆಟಡೋರ್ ವ್ಯಾನಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳನ್ನು ಸುತ್ತಿ ಜನರ ಕಿವಿ ಪರೀಕ್ಷೆ ಮಾಡುವುದು ಅದರ ಕೆಲಸ. ಪರೀಕ್ಷೆಯ ವಿದ್ಯೆ ಕಲಿತವರು ಮೈಸೂರಿನ ವಿಮಲಾ ಮೇಡಂ. ಡ್ರೈವರ್ ಸಾಗರದ ತಿಮ್ಮಪ್ಪಣ್ಣ. ಯಂತ್ರ ನೋಡಿಕೊಳ್ಳುವವನು ನಾನು. ರೇಡಿಯೋ ರಿಪೇರಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಸೇರಿಸಿಕೊಂಡಿದ್ದರು. ಮೇಡಂ ಆಯಾ ಊರಿನ ಯಾರಾದರೂ ಟೀಚರ ಮನೆಯಲ್ಲಿ ಉಳಿಯುತ್ತಿದ್ದರು. ನನಗೂ ತಿಮ್ಮಪ್ಪಣ್ಣನಿಗೂ ತಿಂಗಳಿಗೆ ಇಪ್ಪತ್ತು ದಿನ ವ್ಯಾನೇ ಮನೆ. ಎರಡು ಬೆಂಚು, ಒಂದರ ಮೇಲೆ ಅವನು, ಇನ್ನೊಂದರ ಮೇಲೆ ನಾನು. ನನ್ನ ಬೆಂಚಿನಡಿ ಎರಡನೆಯ ಬ್ಯಾಟರಿ.

ಮೊದಲನೆಯದು ಗಾಡಿಯದು. ಎರಡನೆಯದು ಯಂತ್ರಕ್ಕೆ. ಗಾಡಿ ಓಡುವಾಗ ಎರಡೂ ಚಾರ್ಜಾಗುವಂತೆ, ನಿಂತಾಗ ಎರಡನೆಯದು ಮಾತ್ರ ಖರ್ಚಾಗುವಂತೆ ನಾನೇ ತಂತಿ ಎಳೆದಿದ್ದೆ. ಪರೀಕ್ಷೆಯ ಯಂತ್ರಕ್ಕೆ ಮನೆಯ ಕರೆಂಟು ಬೇಕು. ಬ್ಯಾಟರಿಯ ಕರೆಂಟನ್ನು ಹಾಗೆ ಮಾಡಿಕೊಡಲು ನಡುವೆ ಒಂದು ತಗಡಿನ ಪೆಟ್ಟಿಗೆ. ಪೆಟ್ಟಿಗೆಯ ಮೇಲೊಂದು ಮುಳ್ಳು, ಮುಳ್ಳಿನ ಕೆಳಗೊಂದು ಕೆಂಪು ಗೀಟು. ಮುಳ್ಳು ಗೀಟಿಗಿಂತ ಕೆಳಗೆ ಬಂದರೆ ಕೆಲಸ ನಿಲ್ಲಿಸಬೇಕು. ಪ್ರತಿಯೊಬ್ಬರನ್ನು ಕೂರಿಸುವ ಮೊದಲೂ ಮುಳ್ಳು ನೋಡಿ ಪುಸ್ತಕದಲ್ಲಿ ಬರೆಯಬೇಕು. ಇದು ಮೇಡಂ ಮಾಡಿದ ಕಾನೂನು.

ಬ್ಯಾಟರಿಗೆ ಹಾಕುವ ನೀರಿನ ಕಾನೂನು ತಿಮ್ಮಪ್ಪಣ್ಣನದು. ಅಂಗಡಿಯ ಶುದ್ಧ ನೀರನ್ನು ಅವನು ನಂಬುತ್ತಿರಲಿಲ್ಲ. ಮಳೆ ನೀರೇ ಆಗಬೇಕು, ಅದೂ ಹಂಚಿನ ಮೇಲೆ ಬಿದ್ದದ್ದಲ್ಲ. ಬಯಲಲ್ಲಿ ನಾಲ್ಕು ಕೋಲು ನೆಟ್ಟು, ತೊಳೆದ ಪಂಚೆಯ ನಾಲ್ಕು ತುದಿ ಕಟ್ಟಿ, ನಡುವೆ ಒಂದು ಬೆಣಚುಕಲ್ಲು ಇಟ್ಟು, ಅದರ ಕೆಳಗೆ ಗಾಜಿನ ಭರಣಿ ಇಡುತ್ತಿದ್ದ. ಮಳೆಗಳಲ್ಲೆಲ್ಲ ಹುಲಿಕಲ್ ಘಾಟಿಯ ಮಳೆ ಬ್ಯಾಟರಿಗೆ ಶ್ರೇಷ್ಠ ಎಂದು ಅವನ ಅಭಿಪ್ರಾಯ. ಅಲ್ಲಿ ಒಮ್ಮೆ ಹೀಗೆ ಪಂಚೆ ಕಟ್ಟಿದ್ದನ್ನು ನೋಡಿ, ಕೊಡೆ ಹಿಡಿದು ಹೋಗುತ್ತಿದ್ದ ಒಬ್ಬರು ನಿಂತರು.

"ಇದು ಎಂಥ ಹರಕೆ ಮಾರಾಯ್ರೆ?"

"ಬ್ಯಾಟ್ರಿಗೆ ಅಭಿಷೇಕ," ಎಂದ ತಿಮ್ಮಪ್ಪಣ್ಣ, ನಗದೆ.

ಅವರು ಚಪ್ಪಲಿ ಬಿಟ್ಟು ಕೈ ಮುಗಿದು ಹೋದರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬ್ಯಾಟರಿ ಇಳಿದರೆ ಏನಾಗುತ್ತದೆ ಎಂಬುದು ನನಗೆ ಒಂಬತ್ತನೆಯ ವಯಸ್ಸಿನಿಂದ ಗೊತ್ತು. ಎಪ್ಪತ್ತರ ದಶಕದ ಮೊದಲಲ್ಲಿ ಸಾಗರದ ನಮ್ಮ ಮನೆಗೆ ಸೆಲ್ಲಿನ ರೇಡಿಯೋ ಬಂತು. ಸೆಲ್ಲು ಹಳತಾದ ಹಾಗೆ ವಾರ್ತೆಯ ದನಿ ಇಳಿಯುತ್ತಿತ್ತು. ಅಜ್ಜಿ ರೇಡಿಯೋಕ್ಕೆ ಕಿವಿಯಿಟ್ಟು, "ಪಾಪ, ಈ ವಾರ್ತೆ ಓದುವವನಿಗೆ ಮನೆಯಲ್ಲಿ ಹೊಟ್ಟೆಗೆ ಸರಿಯಾಗಿ ಹಾಕುವುದಿಲ್ಲ," ಎನ್ನುತ್ತಿದ್ದಳು. ನಾನು ಸೆಲ್ಲುಗಳನ್ನು ಬಿಚ್ಚಿ ಬಚ್ಚಲೊಲೆಯ ದಂಡೆಯ ಮೇಲೆ ಸಾಲಾಗಿ ಬೆಚ್ಚಗೆ ಇಡುತ್ತಿದ್ದೆ. ಮರುದಿನ ವಾರ್ತೆಯವನಿಗೆ ಕೊಂಚ ಚೇತರಿಕೆ. "ನೋಡು, ನಿನ್ನೆ ಉಂಡಿದ್ದಾನೆ," ಎನ್ನುತ್ತಿದ್ದಳು ಅಜ್ಜಿ. ದನಿ ತೆಳ್ಳಗಾದರೆ ತಪ್ಪು ಕೇಳುವವರ ಕಿವಿಯದ್ದಲ್ಲ, ಆ ಕಡೆಯದ್ದು ಎಂದು ಅವಳಿಗೆ ಎಂದೂ ಅನುಮಾನವಿರಲಿಲ್ಲ. ಅಷ್ಟು ತಿಳಿವಳಿಕೆ ನನಗೆ ಇದ್ದಿದ್ದರೆ ಈ ಪ್ರಬಂಧ ಬರೆಯಬೇಕಾಗಿರಲಿಲ್ಲ.

ನನ್ನ ಜಾಣತನ ಬೇರೆ ದಿಕ್ಕಿಗೆ ಹೋಯಿತು. ಬೆಂಚಿನಡಿ ಅಷ್ಟು ದೊಡ್ಡ ಬ್ಯಾಟರಿ ಇರುವಾಗ ಬರೀ ಒಂದು ಯಂತ್ರಕ್ಕೆ ಅದು ಯಾಕೆ ಎನ್ನಿಸಿತು. ಮೊದಲು ಒಂದು ಸಣ್ಣ ಟ್ಯೂಬ್‌ಲೈಟು ಹಾಕಿದೆ. ಆಮೇಲೆ ಒಂದು ಫ್ಯಾನು. ಆಮೇಲೆ ತಿಮ್ಮಪ್ಪಣ್ಣನ ಯಕ್ಷಗಾನದ ಕ್ಯಾಸೆಟ್ಟಿಗೆ ಟೇಪ್ ರೆಕಾರ್ಡರು. ಕೊನೆಗೆ ಕರೆಂಟ್ ಒಲೆಯ ಹಳೆಯ ತಂತಿಯನ್ನು ಸುತ್ತಿ ಕಾಫಿ ಬಿಸಿ ಮಾಡುವ ಒಂದು ಸುರುಳಿ. ಎರಡು ಲೋಟ ಕಾಫಿ ಬಿಸಿಯಾಗಲು ಅದಕ್ಕೆ ಮುಕ್ಕಾಲು ಗಂಟೆ ಬೇಕು, ಅಷ್ಟಾದ ಮೇಲೂ ಅದನ್ನು ಬಿಸಿ ಎಂದು ಒಪ್ಪಿಕೊಳ್ಳುತ್ತಿದ್ದವನು ನಾನೊಬ್ಬನೇ. "ಇದು ಕಾಫಿ ಕಾಯ್ಸದಲ್ಲ ಮಾರಾಯ, ಕಾಫಿಗೆ ಸಮಾಧಾನ ಹೇಳದು," ಎನ್ನುತ್ತಿದ್ದ ತಿಮ್ಮಪ್ಪಣ್ಣ. ಆದರೂ ನನಗೆ ಹೆಮ್ಮೆ. ಊರಿನಲ್ಲಿ ಕರೆಂಟು ಹೋದಾಗಲೂ ನಮ್ಮ ವ್ಯಾನಿನಲ್ಲಿ ಎಲ್ಲವೂ ನಡೆಯುತ್ತಿತ್ತಲ್ಲ.

ಅದು ಬೇಸಗೆಯ ಒಂದು ಶನಿವಾರ. ಹೊಸನಗರದ ಒಂದು ಶಾಲೆಯ ಮಾವಿನ ಮರದಡಿ ವ್ಯಾನು ನಿಲ್ಲಿಸಿದ್ದೆವು. ಪರೀಕ್ಷೆಯ ಹೊತ್ತಿಗೆ ಸದ್ದಾಗಬಾರದೆಂದು ಎಂಜಿನ್ ಬಂದ್. ಬೆಳಿಗ್ಗೆಯಿಂದ ಮೇಡಂ ಅವರೇ ನೋಡಿದರು. ಮಧ್ಯಾಹ್ನ ಅವರು ಶಾಲೆಯೊಳಗೆ ತಾಯಂದಿರ ಸಭೆಗೆ ಹೋದರು. "ಉಳಿದವರನ್ನ ನೀವೇ ಮಾಡಿ, ಸಂಜೆ ನಾನು ನೋಡಿ ಸಹಿ ಹಾಕ್ತೀನಿ," ಎಂದರು. ಉಳಿದವರು ಏಳು ಜನ.

ಕೆಲಸ ಕಷ್ಟದ್ದಲ್ಲ. ಕೂತವರ ಕಿವಿಗೆ ಹೆಡ್‌ಫೋನು ಹಾಕಬೇಕು. ಯಂತ್ರ "ಕುಂಯ್" ಎನ್ನುತ್ತದೆ. ಕೇಳಿದರೆ ಅವರು ಬೆರಳೆತ್ತುತ್ತಾರೆ. ಸದ್ದನ್ನು ಇಳಿಸುತ್ತ ಹೋಗಿ, ಎಲ್ಲಿಯವರೆಗೆ ಬೆರಳು ಏಳುತ್ತದೋ ಅಲ್ಲಿ ಕಾಗದದ ಮೇಲೆ ಗುರುತು ಹಾಕಬೇಕು. ಗುರುತು ಮೇಲಿದ್ದಷ್ಟೂ ಕಿವಿ ಚೆನ್ನ, ಕೆಳಗಿಳಿದಷ್ಟೂ ಮಂದ.

ಆ ಏಳು ಜನರಲ್ಲಿ ನಾಲ್ಕನೆಯವಳು ಜಯಂತಿ. ಹುಂಚದ ಹುಡುಗಿ, ಇಪ್ಪತ್ತೆರಡು ವಯಸ್ಸಿರಬಹುದು, ತಾಯಿಯ ಜೊತೆ ಬಂದಿದ್ದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸಕ್ಕೆ ಆರಿಸಿದ್ದರು. ಕಿವಿ ಸರಿಯಿದೆ ಎಂದು ಡಾಕ್ಟರು ಬರೆದುಕೊಟ್ಟರೆ ಕೆಲಸ. ಆ ಕಾಗದ ಸೋಮವಾರದ ಅಂಚೆಗೆ ಬೀಳಬೇಕು, ಇಲ್ಲವಾದರೆ ಪಟ್ಟಿಯಲ್ಲಿ ಅವಳ ಹಿಂದಿನವರಿಗೆ. ಹೊಸನಗರದ ಆಸ್ಪತ್ರೆಯ ಡಾಕ್ಟರು, ತಮ್ಮ ಬಳಿ ಯಂತ್ರವಿಲ್ಲ, ವ್ಯಾನಿನವರಿಂದ ಮಾಡಿಸಿ ತನ್ನಿ ಎಂದು ಕಳಿಸಿದ್ದರು.

ಅವಳು ನೆಟ್ಟಗೆ ಕೂತು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು, "ಸಾರ್, ಕುಂಯ್ ಅನ್ನದಲ್ದೆ ಇನ್ನೊಂದು ಸದ್ದು ಬರ್ತದೆ ಇದರಲ್ಲಿ. ಗುಂಯ್ ಅಂತ, ನಿಲ್ಲದೇ ಇಲ್ಲ," ಎಂದಳು.

"ಅದಕ್ಕೆಲ್ಲ ಗಮನ ಕೊಡಬೇಡಿ. ಕುಂಯ್ ಅಂದಾಗ ಬೆರಳೆತ್ತಿ," ಎಂದೆ.

ಅವಳ ಬೆರಳು ಎದ್ದದ್ದು ಕಡಿಮೆ. ಗುರುತುಗಳು ಕಾಗದದ ನಡುವಿಗೆ ಇಳಿದವು. ಷರಾ ಬರೆಯುವ ಜಾಗದಲ್ಲಿ "ಗಮನ ಕಡಿಮೆ" ಎಂದು ಬರೆದೆ. ಸಂಜೆ ಮೇಡಂ ಸಹಿ ಹಾಕಿದರು, ನಾನು ಲಕೋಟೆ ಅಂಟಿಸಿ ಡಾಕ್ಟರ ಹೆಸರು ಬರೆದು ಅವಳ ಕೈಗೆ ಕೊಟ್ಟೆ. "ಸಮ ಇದೆಯಾ ಸಾರ್?" ಎಂದು ಕೇಳಿದಳು. "ಡಾಕ್ಟರು ಹೇಳ್ತಾರೆ," ಎಂದೆ. ಅವಳು ನನ್ನ ಮುಖವನ್ನು ಎಷ್ಟು ಹೊತ್ತು ನೋಡಿದಳು ಎಂಬುದು ಈಗಲೂ ನೆನಪಿದೆ.

ಅಂದೇ ಹೊರಟು ತೀರ್ಥಹಳ್ಳಿ ದಾಟಿ ಮಂಡಗದ್ದೆಗೆ ಹೋದೆವು. ಮಳೆಗಾಲದಲ್ಲಿ ಅಲ್ಲಿನ ಹೊಳೆಯ ಮರಗಳಿಗೆ ಗೂಡು ಕಟ್ಟಲು ಬರುವ ಸಾವಿರಾರು ಹಕ್ಕಿಗಳು ಇನ್ನೂ ಬಂದಿರಲಿಲ್ಲ. ಅವು ಬಂದರೆ ಆ ಗದ್ದಲದಲ್ಲಿ ಕಿವಿ ಪರೀಕ್ಷೆಯ ಮಾತೇ ಇಲ್ಲ, ಹಾಗಾಗಿ ಆ ಊರನ್ನು ಬೇಸಗೆಗೆ ಇಟ್ಟುಕೊಂಡಿದ್ದೆವು. ಭಾನುವಾರ ಬೆಳಿಗ್ಗೆ ಹೊಳೆಯ ದಂಡೆಯಲ್ಲಿ ಮೇಡಂ ಹಿಂದಿನ ದಿನದ ಲೆಕ್ಕವನ್ನು ದೊಡ್ಡ ಪುಸ್ತಕಕ್ಕೆ ಇಳಿಸುತ್ತಿದ್ದರು. ಒಂದು ಹಾಳೆಯ ಮೇಲೆ ಪೆನ್ನು ನಿಲ್ಲಿಸಿದರು.

"ಈ ಕೊನೆಯ ಏಳು ಜನ ಒಂದೇ ಮನೆಯವರಾ?"

"ಅಲ್ಲ ಮೇಡಂ. ಬೇರೆ ಬೇರೆ ಊರಿನವರು."

"ಮತ್ತೆ ಏಳು ಜನರ ಕಿವಿಯೂ ಹೆಚ್ಚುಕಡಿಮೆ ಒಂದೇ ಅಳತೆಗೆ ಹೇಗೆ ಇಳೀತು?"

ಅವರು ಮುಳ್ಳಿನ ಲೆಕ್ಕದ ಪುಸ್ತಕ ತೆಗೆದರು. ಬೆಳಿಗ್ಗೆ ಹತ್ತು ಗಂಟೆಗೆ ಹನ್ನೆರಡೂವರೆ ವೋಲ್ಟು. ಅದರ ಕೆಳಗೆ, ಮೇಲಿನದೇ ಎಂದು ಹೇಳುವ ಎರಡು ಪುಟ್ಟ ಗೀಟು. ಅದರ ಕೆಳಗೆ ಇನ್ನೆರಡು. ಪುಟದ ತುದಿಯವರೆಗೂ ಅಷ್ಟೇ. ಒಂದೇ ಕೈ, ಒಂದೇ ಶಾಯಿ, ಒಂದೇ ಉಸಿರಿನಲ್ಲಿ ಬರೆದದ್ದು.

"ಇದನ್ನ ಯಾವಾಗ ಬರೆದ್ರಿ?"

"ಬೆಳಿಗ್ಗೆಯೇ ಮೇಡಂ."

"ಎಲ್ಲಾನೂ?"

"ಎಲ್ಲವನ್ನೂ."

ಅವರು ಬೈಯಲಿಲ್ಲ. ಹೆಡ್‌ಫೋನನ್ನು ನನ್ನ ಕಿವಿಗೇ ಹಾಕಿದರು. ಹೊಸನಗರದಿಂದ ಬರುವಾಗ ದೀಪ, ಟೇಪು ಹಾಕಿಕೊಂಡೇ ಬಂದದ್ದರಿಂದ ಬ್ಯಾಟರಿ ಚೇತರಿಸಿಕೊಂಡಿರಲಿಲ್ಲ. ಮುಳ್ಳು ಕೆಂಪು ಗೀಟಿನ ಕೆಳಗಿತ್ತು, ಗೀಟಿನ ಮುಂದೆ ನನ್ನ ಕಾಫಿ ಲೋಟವಿತ್ತು. ಅಲ್ಲಿಯವರೆಗೆ ನಮ್ಮ ಯಂತ್ರಕ್ಕೆ ಅಳತೆಗೋಲು ನನ್ನ ಕಿವಿಯೇ, ದಿನವೂ ಬೆಳಿಗ್ಗೆ ಅದರಲ್ಲೇ ನೋಡಿಕೊಳ್ಳುತ್ತಿದ್ದೆವು. ಆ ಬೆಳಿಗ್ಗೆ ನಾನೂ ಜಯಂತಿಯಷ್ಟೇ ಮಂದ. ಕುಂಯ್ ಎನ್ನುವುದು ಎಲ್ಲೋ ದೂರದಲ್ಲಿತ್ತು. ಅದರ ಮೇಲೆ ಕಂಬಳಿ ಹೊದೆಸಿದ ಹಾಗೆ, ಗುಂಯ್ ಎಂಬ ಇನ್ನೊಂದು ಸದ್ದು.

ಹಿಂದಿನ ಮಧ್ಯಾಹ್ನವೆಲ್ಲ ಫ್ಯಾನು ಓಡಿದ ಮಾತು, ಕಾಫಿ ಸುರುಳಿ ಹಾಕಿದ ಮಾತು, ಆ ಹುಡುಗಿ ಹೇಳಿದ್ದ ಮಾತು, ಎಲ್ಲವನ್ನೂ ಹೇಳಿದೆ. ಮೇಡಂ ಪುಸ್ತಕ ಮುಚ್ಚಿ, "ತಿಮ್ಮಪ್ಪ, ಹುಂಚಕ್ಕೆ," ಎಂದರು.

"ಸಮಾಧಾನ ಹೇಳಿದ್ದು ಕಾಫಿಗೆ, ಕೆಲ್ಸ ಹೋಗದು ಆ ಕೂಸಿಂದು," ಎಂದ ತಿಮ್ಮಪ್ಪಣ್ಣ ನನಗೆ ಮಾತ್ರ ಕೇಳುವ ಹಾಗೆ. ಟ್ಯೂಬ್‌ಲೈಟು, ಫ್ಯಾನು, ಟೇಪು, ಸುರುಳಿ ಎಲ್ಲದರ ತಂತಿಯನ್ನೂ ನಾನು ಕಿತ್ತೆ. ದಾರಿಯುದ್ದಕ್ಕೂ ಮುಳ್ಳನ್ನೇ ನೋಡುತ್ತ ಕೂತೆ. ಅದು ತೀರ್ಥಹಳ್ಳಿಯವರೆಗೆ ಅಲುಗಲೇ ಇಲ್ಲ, ಆಮೇಲೆ ನಿಧಾನವಾಗಿ ಏರತೊಡಗಿತು.

ಉಳಿದ ಆರು ಜನರ ಗತಿ ಏನಾಯಿತು ಎಂದು ನೀವು ಕೇಳಬಹುದು, ಈಗಲೇ ಹೇಳಿಬಿಡುತ್ತೇನೆ. ಮುಂದಿನ ವಾರ ಆರೂ ಜನರ ಮನೆ ಹುಡುಕಿದೆವು, ಒಬ್ಬರನ್ನೂ ಬಿಡಲಿಲ್ಲ. ಐದು ಜನ ಮತ್ತೆ ಪರೀಕ್ಷೆಗೆ ಕೂತರು. ಒಬ್ಬ ಅಜ್ಜ ಮಾತ್ರ ಸುತರಾಂ ಒಪ್ಪಲಿಲ್ಲ. "ಕಿವಿ ಮಂದ ಅಂತ ಚೀಟಿ ಬಂದಮೇಲೆ ಮನೇಲಿ ನಂಗೆ ಯಾರೂ ಕೆಲಸ ಹೇಳದಿಲ್ಲ. ನೀವು ಬಂದು ಅದನ್ನ ಹಾಳು ಮಾಡ್ಬೇಡಿ," ಎಂದು ಪಿಸುಗುಟ್ಟಿದ. ಅವನ ಹೆಂಡತಿ ಒಳಗಿಂದ, "ಕೇಳ್ತು ನಂಗೆ," ಎಂದಳು.

ಹುಂಚದಲ್ಲಿ ಬಸ್ಸು ನಿಲ್ಲುವ ಕಡೆ ವಿಚಾರಿಸಿದ್ದಕ್ಕೆ, ಮಠದ ಆಚೆಗಿನ ಮನೆ ಎಂದು ತೋರಿಸಿದರು. "ನೀವೇ ಹೋಗಿ ಹೇಳಿ," ಎಂದು ಮೇಡಂ ವ್ಯಾನಿನಲ್ಲೇ ಕೂತರು.

ಮನೆಯ ಮುಂದೆ ಕಣ. ಕಣದ ಈ ತುದಿಯಲ್ಲಿ ಜಯಂತಿ ನನ್ನ ಕಡೆ ಮುಖ ಮಾಡಿ ಕಣ್ಣು ಮುಚ್ಚಿ ನಿಂತಿದ್ದಳು. ಆ ತುದಿಯ ಹುಲ್ಲುಬಣವೆಯ ಹತ್ತಿರ ಅವಳ ತಾಯಿ, ಬಾಯಿಗೆ ಸೆರಗು ಅಡ್ಡ ಹಿಡಿದು ಏನೋ ಪಿಸುಗುಟ್ಟುತ್ತಿದ್ದರು. ನನಗೆ ಒಂದಕ್ಷರವೂ ಕೇಳುತ್ತಿರಲಿಲ್ಲ.

"ಕಡುಬು," ಎಂದಳು ಜಯಂತಿ.

ತಾಯಿ ತಲೆಯಾಡಿಸಿ ಇನ್ನೊಂದು ಪಿಸುಗುಟ್ಟಿದರು.

"ಸೌತೆಕಾಯಿ."

ಮತ್ತೊಂದು. ಈ ಸಲ ಸ್ವಲ್ಪ ಉದ್ದದ್ದು.

"ಅದು ಕೇಳ್ಲಿಲ್ಲ," ಎಂದಳು ಜಯಂತಿ.

"ಗಂಡಿನ ಕಡೆಯವ್ರು ಬರ್ತಾರೆ ಅಂದ್ರೆ ಮಾತ್ರ ಕೇಳದಿಲ್ಲ ನಿಂಗೆ. ಕಿವಿ ಸಮ ಇದೆ, ಬಾ," ಎಂದು ತಾಯಿ ಗಟ್ಟಿಯಾಗಿಯೇ ಹೇಳಿದರು. ಆಮೇಲೆ ನನ್ನನ್ನು ಕಂಡು ಸೆರಗು ಬಿಟ್ಟರು.

ಬೆಳಗಿನಿಂದ ಹೀಗೆ ಮಾಡುತ್ತಿದ್ದರಂತೆ. ಲಕೋಟೆ ಒಡೆದಿರಲಿಲ್ಲ. ಒಳಗೆ ಒಯ್ದು ದೇವರ ಮುಂದೆ ಇಟ್ಟಿದ್ದರು, ಅಂಟಿಸಿದ್ದು ಅಂಟಿಸಿದ ಹಾಗೇ ಇತ್ತು. ಒಡೆಯದ ಆ ಲಕೋಟೆ ನೋಡಿದಾಗ ಮನಸ್ಸಿಗೆ ಬಂದದ್ದನ್ನೂ ಹೇಳಬೇಕು. ಮಾಮೂಲಿ ಪ್ರಕಾರ ಎರಡು ಸಲ ನೋಡುತ್ತೇವೆ ಎಂದು ಹೇಳಿ ಇನ್ನೊಂದು ಪರೀಕ್ಷೆ ಮಾಡಿ, ಲಕೋಟೆ ಬದಲಿಸಿಬಿಟ್ಟರೆ ಇವಳಿಗೆ ಏನೂ ತಿಳಿಯುವುದಿಲ್ಲ. ಕೆಲಸವೂ ಸಿಗುತ್ತದೆ, ನನ್ನ ಮರ್ಯಾದೆಯೂ ಉಳಿಯುತ್ತದೆ. ಆ ಯೋಚನೆ ಎಷ್ಟು ಹೊತ್ತು ಇತ್ತು ಎಂದು ಹೇಳಲಾರೆ. ಇತ್ತು ಎಂಬುದು ಮಾತ್ರ ನಿಜ.

"ನಿಮ್ಮ ಕಿವಿ ಮಂದ ಅಂತ ಇದರಲ್ಲಿ ಬರೆದಿದ್ದೇನೆ. ಅದು ತಪ್ಪು. ಬ್ಯಾಟರಿ ಇಳಿದಿತ್ತು, ನಾನು ನೋಡಲಿಲ್ಲ," ಎಂದೆ.

ಜಯಂತಿ ಲಕೋಟೆ ನೋಡಿದಳು, ಆಮೇಲೆ ನನ್ನನ್ನು. "ಗುಂಯ್ ಅಂತ ಸದ್ದು ಬರ್ತದೆ ಅಂತ ನಾನು ಹೇಳಿದ್ನಲ್ಲ ಸಾರ್."

"ಹೇಳಿದ್ರಿ."

"ಮತ್ತೆ ನೀವು ಎಂತಕ್ಕೆ ಕೇಳ್ಲಿಲ್ಲ?"

ನನ್ನ ಬದಲು ತಾಯಿ ಉತ್ತರ ಕೊಟ್ಟರು. "ಕಿವಿ ನೋಡಕ್ಕೆ ಬಂದವ್ರಿಗೇ ಕೇಳದಿಲ್ಲ ಅಂದ್ರೆ ನಾವು ಯಾರ ಹತ್ರ ಹೋಗದು ಮಾರಾಯ್ರೆ?"

ವ್ಯಾನನ್ನು ಕೆರೆ ಏರಿಯ ಮೇಲೆ ಸದ್ದಿಲ್ಲದ ಕಡೆ ನಿಲ್ಲಿಸಿದೆವು. ಮೇಡಂ ಪರೀಕ್ಷೆ ಮಾಡಿದರು. ನನಗೆ ಕೊಟ್ಟ ಕೆಲಸ ಮುಳ್ಳು ನೋಡಿ ಬರೆಯುವುದು ಅಷ್ಟೇ. ಒಂದೊಂದು ಸದ್ದಿಗೂ ಒಂದೊಂದು ಸಲ ಬರೆದೆ. ಜಯಂತಿಯ ಬೆರಳು ಏಳುತ್ತಲೇ ಇತ್ತು. ಮೇಡಂ ಸದ್ದನ್ನು ಇಳಿಸಿದರು, ಬೆರಳು ಎದ್ದಿತು. ಇನ್ನೂ ಇಳಿಸಿದರು, ಎದ್ದಿತು. ಗುರುತುಗಳೆಲ್ಲ ಕಾಗದದ ಮೇಲ್ತುದಿಯಲ್ಲಿ ಸಾಲಾಗಿ ಕೂತವು.

"ಹಳೇದು ಯಾಕೆ ತಪ್ಪು ಅಂತ ನೀವು ಬರೀರಿ," ಎಂದು ಮೇಡಂ ನನ್ನ ಮುಂದೆ ಒಂದು ಬಿಳಿ ಹಾಳೆ ಇಟ್ಟರು.

"ಯಂತ್ರದ ದೋಷದಿಂದ" ಎಂದು ಶುರುಮಾಡಿದೆ. ಮೇಡಂ ಬಗ್ಗಿ ಓದಿ, "ಯಂತ್ರ ಏನು ಮಾಡ್ತು?" ಎಂದರು. ಹೊಡೆದುಹಾಕಿ "ಬ್ಯಾಟರಿ ಇಳಿದಿದ್ದರಿಂದ" ಎಂದು ಬರೆದೆ. "ಅದು ತಾನಾಗೇ ಇಳೀತಾ?" ಎಂದರು. ಮೂರನೆಯ ಸಲ "ನಾನು" ಎಂದು ಶುರುಮಾಡಿದೆ. ಹಾಗೆ ಶುರುವಾದ ಮೇಲೆ ಐದು ಸಾಲಿನಲ್ಲಿ ಮುಗಿಯಿತು.

ಸೋಮವಾರ ಬೆಳಿಗ್ಗೆ ಹೊಸನಗರದ ಆಸ್ಪತ್ರೆಯಲ್ಲಿ ಜಯಂತಿ, ಅವಳ ತಾಯಿ ಮತ್ತು ನಾನು ಡಾಕ್ಟರ ಮುಂದೆ ನಿಂತೆವು. ವಯಸ್ಸಾದ, ಮಾತು ಕಡಿಮೆಯ ಡಾಕ್ಟರು. ಎರಡು ಕಾಗದಗಳನ್ನೂ ಅಕ್ಕಪಕ್ಕ ಇಟ್ಟುಕೊಂಡರು. ನನ್ನ ಐದು ಸಾಲು ಓದಿದರು.

"ಶನಿವಾರ ಒಂದು ಕಿವಿ, ಭಾನುವಾರ ಇನ್ನೊಂದು ಕಿವಿ. ಎರಡೂ ನಿಮ್ಮ ವ್ಯಾನಿಂದೇ," ಎಂದರು. "ನಾನು ಯಾವುದನ್ನ ನಂಬಲಿ?"

"ಭಾನುವಾರದ್ದು ಸಾರ್," ಎಂದೆ.

"ಶನಿವಾರವೂ ನೀವು ಹೀಗೇ ಹೇಳ್ತಿದ್ರಿ."

ಅದು ನಿಜ. ಜಯಂತಿಯ ತಾಯಿ ನನ್ನ ಕಡೆ ನೋಡಲೇ ಇಲ್ಲ. ಡಾಕ್ಟರು ಎದ್ದರು. ಜಯಂತಿಯನ್ನು ಕೋಣೆಯ ಆ ತುದಿಗೆ ಕಳಿಸಿ, ಗೋಡೆಯ ಕಡೆ ಮುಖ ಮಾಡಿಸಿ, ಒಂದು ಕಿವಿಯನ್ನು ತಾಯಿಯ ಬೆರಳಿನಿಂದ ಮುಚ್ಚಿಸಿದರು. ತಾವು ಈ ತುದಿಯಲ್ಲಿ ನನ್ನ ಪಕ್ಕ ನಿಂತು, ನನ್ನದೇ ಕಾಗದವನ್ನು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದರು. ಹೊರಗೆ ಕಾಂಪೌಂಡರು ಚೀಟಿಯ ಹೆಸರು ಕೂಗುತ್ತಿದ್ದರು. ನಾನು ಡಾಕ್ಟರಿಂದ ಎರಡು ಮಾರು ದೂರವೂ ಇರಲಿಲ್ಲ, ನನಗೆ ಉಸಿರಿನ ಸದ್ದು ಬಿಟ್ಟು ಏನೂ ಕೇಳಲಿಲ್ಲ.

"ಹದಿನೇಳು," ಎಂದಳು ಜಯಂತಿ ಗೋಡೆಗೆ.

ಮತ್ತೊಮ್ಮೆ ಪಿಸುಗುಟ್ಟಿದರು.

"ನಲವತ್ತೊಂದು."

ಕಿವಿ ಬದಲಾಯಿಸಿದರು. "ಆರು," ಎಂದಳು. "ಎಂಬತ್ತಮೂರು," ಎಂದಳು. ಡಾಕ್ಟರು ಕಾಗದವನ್ನು ಇನ್ನೊಂದು ಸಲ ಬಾಯಿಗೆ ಹಿಡಿದರು. ಈ ಸಲದ್ದು ಒಂದು ಸಂಖ್ಯೆಗಿಂತ ಉದ್ದವಿತ್ತು.

ಜಯಂತಿ ಮಾತಾಡಲಿಲ್ಲ.

ಡಾಕ್ಟರು ಕಾದರು. ತಾಯಿ ಮಗಳ ಕಿವಿಯಿಂದ ಬೆರಳು ತೆಗೆಯಲು ಹೋಗಿ, ತೆಗೆಯಬಾರದೆಂದು ನೆನಪಾಗಿ ನಿಲ್ಲಿಸಿದರು. ಕೊನೆಯ ಒಂದು ಕೇಳಲಿಲ್ಲ ಎಂದರೆ ಶನಿವಾರದ ಕಾಗದ ಗೆದ್ದ ಹಾಗೆ ಎಂದು ಲೆಕ್ಕ ಹಾಕುತ್ತ ನಿಂತೆ.

"ಸ್ವಲ್ಪ ಇದೆ ಸಾರ್," ಎಂದಳು ಜಯಂತಿ.

ಡಾಕ್ಟರು ಕೂತು, ಕಿವಿ ಸರಿಯಿದೆ ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿದರು. ಅವರ ಮುಖದಲ್ಲಿ ನಗುವಿನಂಥದ್ದೇನೋ ಇತ್ತು. ನನ್ನ ಕಾಗದವನ್ನು ನನಗೆ ವಾಪಸು ಕೊಡಲಿಲ್ಲ, ತಮ್ಮ ಕಡತದಲ್ಲಿ ಇಟ್ಟುಕೊಂಡರು.

ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿ ಬಸ್‌ಸ್ಟ್ಯಾಂಡಿಗೆ ಬಂದೆವು. ಅಷ್ಟು ಹೊತ್ತು ತಡೆದುಕೊಂಡಿದ್ದೆ. ಹುಂಚದ ಬಸ್ಸು ಬಂದು ನಿಂತಾಗ ಕೇಳಿದೆ. "ಕೊನೆಗೆ ಡಾಕ್ಟರು ಏನು ಕೇಳಿದರು?"

"ಈ ಬ್ಯಾಟ್ರಿಯವರ ಮೇಲೆ ಸಿಟ್ಟಿದೆಯಾ ಅಂತ ಕೇಳಿದ್ರು."

ತಾಯಿ ಸೆರಗಿನಲ್ಲಿ ನಕ್ಕರು. ನಾನೂ ನಗಲು ನೋಡಿದೆ. "ಅಷ್ಟು ಹೊತ್ತು ನೀವು ಮಾತಾಡಲಿಲ್ಲವಲ್ಲ, ಕೇಳಿಸಲಿಲ್ಲ ಎಂದು ಹೆದರಿದ್ದೆ," ಎಂದೆ.

ಜಯಂತಿ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ ನೋಡಿದಳು.

"ಆಗಲೇ ಕೇಳಿತ್ತು," ಎಂದಳು. "ಎಷ್ಟಿದೆ ಅಂತ ನೋಡ್ಕೊಳ್ತಿದ್ದೆ."